ಅಂತರ್ಜಾಲದ ಕಸುಬುದಾರ

ಕೊಡಗು ರೈಲುಹಳಿಯನ್ನು ಕಾಣದ ಜಿಲ್ಲೆ. ಇಲ್ಲಿಂದ ಹೊರಗೆ ಹೋಗುವ ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ ಎಲ್ಲವೂ ಬೆಟ್ಟದ ರಸ್ತೆಯ ತಿರುವುಗಳನ್ನು ಇಳಿದೇ ಹೋಗಬೇಕು. ಜಿಲ್ಲೆಯ ಉತ್ತರ ಭಾಗದಲ್ಲಿ, ಪುಷ್ಪಗಿರಿಯ ಬೆಟ್ಟಸಾಲಿಗೆ ಸಮೀಪವಾಗಿರುವ ಸೋಮವಾರಪೇಟೆಯಿಂದಲೂ ತಲೆಮಾರುಗಳ ಕಾಲ ಸರಕು ಹೀಗೆಯೇ ಇಳಿದುಹೋಗಿದೆ. ಮಳೆಗಾಲದಲ್ಲಿ ರಸ್ತೆ ಕುಸಿದರೆ ಸರಕು ನಿಂತಿತು. ಬಿಸಿಲು ಬಂದು ರಸ್ತೆ ತೆರವಾದರೆ ಮತ್ತೆ ಹೊರಟಿತು. ತೂಕವಿಲ್ಲದ ಸರಕೂ ಈ ಬೆಟ್ಟಗಳಿಂದ ಹಿಂದೆ ಹೊರಗೆ ಹೋಗದಿರಲಿಲ್ಲ. ಇಲ್ಲಿಗೆ ದೂರವಲ್ಲದ ಸುಂಟಿಕೊಪ್ಪದ ಗುಂಡುಕುಟ್ಟಿ ತೋಟದಲ್ಲಿದ್ದುಕೊಂಡು 1930ರ ದಶಕದಲ್ಲಿ ಕೊಡಗಿನ ಗೌರಮ್ಮನವರು ಬರೆದ ಕಥೆಗಳು ಕನ್ನಡನಾಡಿನ ಓದುಗರನ್ನೆಲ್ಲ ಮುಟ್ಟಿದವು. ಇಂದು ಆ ಬಗೆಯ ಸರಕಿಗೆ ಹೊಸದೊಂದು ಸೇರಿದೆ. ಅದು ಜಾಲತಾಣ. ಅದನ್ನು ಕಟ್ಟುವ ಕಸುಬುದಾರನಿಗೆ ಕಾರ್ಖಾನೆ ಬೇಡ, ಕಚೇರಿ ಬೇಡ. ಮೇಜು, ಗಣಕಯಂತ್ರ, ವಿದ್ಯುತ್ತು ಮತ್ತು ಹೊರಜಗತ್ತಿಗೆ ಒಂದು ತಂತಿ, ಇಷ್ಟಿದ್ದರೆ ಸಾಕು. ಈ ನಾಲ್ಕರಲ್ಲಿ ಕೊನೆಯ ಎರಡು ಬೆಟ್ಟದೂರಿನಲ್ಲಿ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂಬುದು ಬೇರೆ ಮಾತು.

ಯಾವ ಸಂಸ್ಥೆಯ ಸಂಬಳಕ್ಕೂ ಒಳಪಡದೆ, ಒಪ್ಪಿಕೊಂಡ ಕೆಲಸಕ್ಕೆ ಒಪ್ಪಿಕೊಂಡ ಹಣವನ್ನು ಪಡೆದು ದುಡಿಯುವವನನ್ನು ಇಂಗ್ಲಿಷಿನಲ್ಲಿ ‘ಫ್ರೀಲಾನ್ಸರ್’ ಎನ್ನುತ್ತಾರೆ. ಈ ಶಬ್ದದ ಹುಟ್ಟು ಸ್ವಾರಸ್ಯವಾಗಿದೆ. ‘ಲಾನ್ಸ್’ ಎಂದರೆ ಈಟಿ. ಯಾವ ಒಬ್ಬ ಅರಸನಿಗೂ ಕಟ್ಟುಬೀಳದೆ, ಹಣ ಕೊಟ್ಟವರ ಪರವಾಗಿ ಹೋರಾಡುತ್ತಿದ್ದ ಸೈನಿಕರನ್ನು ಹೀಗೆ ಕರೆದು ಆ ಮಾತನ್ನು ಪ್ರಸಿದ್ಧಿಗೆ ತಂದವನು ಸರ್ ವಾಲ್ಟರ್ ಸ್ಕಾಟ್. 1819ರ ಕೊನೆಯಲ್ಲಿ ಪ್ರಕಟವಾದ ‘ಐವನ್‌ಹೊ’ ಎಂಬ ಅವನ ಕಾದಂಬರಿಯಲ್ಲಿ ಅದು ಬರುತ್ತದೆ. ಕನ್ನಡದಲ್ಲಿ ಪತ್ರಿಕೆಗಳವರು ಇದಕ್ಕೆ ‘ಹವ್ಯಾಸಿ’ ಎಂಬ ಮಾತನ್ನು ಬಳಸುವುದುಂಟು. ಹೊತ್ತು ಕಳೆಯಲು ಮಾಡುವುದು ಹವ್ಯಾಸ. ಹೊಟ್ಟೆ ಹೊರೆಯಲು ಮಾಡುವುದು ಕಸುಬು. ಆದುದರಿಂದ ‘ಸ್ವತಂತ್ರ ಕಸುಬುದಾರ’ ಎಂಬುದೇ ಹೆಚ್ಚು ಒಪ್ಪುವ ಹೆಸರು. ಆದರೆ ಈ ಸ್ವಾತಂತ್ರ್ಯ ಎಷ್ಟು, ಅವಲಂಬನೆ ಎಷ್ಟು ಎಂಬುದನ್ನು ಅವನ ಒಂದು ದಿನದ ಕೆಲಸವನ್ನು ನೋಡಿದ ಮೇಲೆಯೇ ನಿರ್ಧರಿಸಬೇಕು.

ಸೋಮವಾರಪೇಟೆಯ ಆಸುಪಾಸಿನ ಹಳ್ಳಿಯೊಂದರಲ್ಲಿ ಇಂತಹ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ತಂದೆ ಸಣ್ಣ ಕಾಫಿ ಬೆಳೆಗಾರ. ಮಗ ಮೈಸೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಊರಿಗೆ ಮರಳಿದ್ದಾನೆ. ಮನೆಯ ಜಗಲಿಗೆ ಹೊಂದಿದ ಕೋಣೆಯೇ ಅವನ ಕಮ್ಮಟ. ಅವನ ಬಳಿಗೆ ಬರುವ ಕೆಲಸಗಳು ನಾನಾ ಬಗೆಯವು. ಮಲ್ಲಳ್ಳಿ ಜಲಪಾತವನ್ನು ನೋಡಬರುವ ಪ್ರವಾಸಿಗರಿಗೆ ಮನೆಯಲ್ಲೇ ವಸತಿ ಕೊಡುವವರಿಗೆ ಕೋಣೆ ಕಾದಿರಿಸುವ ಪುಟ ಬೇಕು. ತಾನು ಬೆಳೆದ ಕಾಫಿಯನ್ನು ತಾನೇ ಹುರಿದು, ಪುಡಿ ಮಾಡಿ ಮಾರುವ ಬೆಳೆಗಾರನಿಗೆ ಅಂಗಡಿಯ ರೂಪದ ಜಾಲತಾಣ ಬೇಕು. ಕಾಫಿ ಮಂಡಲಿಯ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ಇಂತಹ ಬೇಡಿಕೆ ಹುಟ್ಟುವಂತೆಯೇ ಇರಲಿಲ್ಲ. 1996ರ ವೇಳೆಗೆ ಎಲ್ಲ ಬೆಳೆಗಾರರಿಗೂ ತಮ್ಮ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ದೊರೆಯಿತು. 2019ರಲ್ಲಿ ‘ಕೊಡಗು ಅರೇಬಿಕಾ’ಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿತು. ಮಾರುವ ಹಕ್ಕು ಬಂದಮೇಲೆ ಕೊಳ್ಳುವವನನ್ನು ಹುಡುಕುವ ಹೊಣೆಯೂ ಬರಬೇಕಷ್ಟೆ.

ಜಾಲತಾಣವೆಂಬುದು ಏನು? ಜಗತ್ತಿನ ಯಾವುದೋ ಮೂಲೆಯ ಗಣಕಯಂತ್ರವೊಂದರಲ್ಲಿ ಇರಿಸಿದ ಕಡತಗಳ ಒಂದು ಕಟ್ಟು. ಓದುಗನು ತನ್ನ ಬ್ರೌಸರಿನಲ್ಲಿ ವಿಳಾಸವನ್ನು ಬರೆದೊಡನೆ ಆ ಕಡತಗಳು ತಂತಿಯ ಮೂಲಕ ಅವನಲ್ಲಿಗೆ ಬಂದು ಪುಟವಾಗಿ ಮೂಡುತ್ತವೆ. ಪುಟದಲ್ಲಿ ಯಾವುದು ತಲೆಬರಹ, ಯಾವುದು ಚಿತ್ರ, ಯಾವುದನ್ನು ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ‘ಎಚ್‌ಟಿಎಂಎಲ್’ ಎಂಬ ಗುರುತುಭಾಷೆಯಲ್ಲಿ ಬರೆದಿರುತ್ತಾರೆ. ಈ ಏರ್ಪಾಡನ್ನು ಕಲ್ಪಿಸಿದವರು ಟಿಮ್ ಬರ್ನರ್ಸ್-ಲೀ. ಸ್ವಿಟ್ಜರ್ಲೆಂಡಿನ ಜಿನೀವಾದ ಬಳಿಯ ‘ಸರ್ನ್’ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1989ರಲ್ಲಿ ಅವರು ಇದರ ಮೊದಲ ಯೋಜನೆಯನ್ನು ಬರೆದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಜಾಲದ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಪುಟವೊಂದಕ್ಕೆ ಒಂದು ಕಾಸಿನಂತೆ ಸುಂಕ ವಿಧಿಸಿದ್ದರೂ ಬೆಟ್ಟದೂರಿನ ಕೋಣೆಯಲ್ಲಿ ಕುಳಿತು ಈ ಕಸುಬನ್ನು ಮಾಡುವುದು ಸಾಧ್ಯವಾಗುತ್ತಿತ್ತೆ ಎಂಬುದು ಸಂದೇಹ.

ಬಡಗಿಗೆ ಉಳಿ, ಬಾಚಿ, ಕೀಸುಳಿಗಳಿರುವಂತೆ ಈ ತರುಣನಿಗೂ ಸಲಕರಣೆಗಳಿವೆ. ಅವುಗಳಲ್ಲಿ ಬಹುಪಾಲು ಅವನು ಹಣ ಕೊಟ್ಟು ಕೊಂಡವಲ್ಲ. ಸಂಕೇತಗಳನ್ನು ಬರೆಯಲು 2015ರಲ್ಲಿ ಬಳಕೆಗೆ ಬಂದ ‘ವಿಎಸ್ ಕೋಡ್’ ಎಂಬ ಬರಹದ ತಂತ್ರಾಂಶವಿದೆ. ಕಂಸವೊಂದನ್ನು ಮುಚ್ಚಲು ಮರೆತರೆ ಅದು ಕೆಂಪುಗೆರೆ ಎಳೆದು ಎಚ್ಚರಿಸುತ್ತದೆ. ಬ್ರೌಸರಿನ ಒಳಗೇ ಪರೀಕ್ಷಕ ಸಾಧನವೊಂದು ಅಡಗಿರುತ್ತದೆ. ಅದನ್ನು ತೆರೆದರೆ ಮುಂದಿರುವ ಪುಟದ ಎಲುಬಿನ ಗೂಡೇ ಕಾಣುತ್ತದೆ: ಈ ಗುಂಡಿಯ ಅಗಲವೆಷ್ಟು, ಈ ಸಾಲು ಏಕೆ ಪಕ್ಕಕ್ಕೆ ಸರಿಯಿತು, ಯಾವ ಚಿತ್ರ ಬರಲು ಎಷ್ಟು ಹೊತ್ತು ಹಿಡಿಯಿತು. ವೈದ್ಯನ ಕೈಯ ಕ್ಷಕಿರಣ ಯಂತ್ರವೆಂದರೂ ಸಲ್ಲುತ್ತದೆ. ತನ್ನ ಪುಟವನ್ನು ಮಾತ್ರವಲ್ಲದೆ ಯಾವ ದೊಡ್ಡ ಸಂಸ್ಥೆಯ ಪುಟವನ್ನಾದರೂ ಹೀಗೆ ಬಿಚ್ಚಿ ನೋಡಿ ಕಲಿಯಬಹುದು. ಬೇರೆ ಕಸುಬುಗಳಲ್ಲಿ ಗುರು ತನ್ನ ಗುಟ್ಟನ್ನು ಕೊನೆಯ ತನಕ ಬಚ್ಚಿಟ್ಟುಕೊಂಡ ಕಥೆಗಳಿವೆ. ಇಲ್ಲಿ ಕಲಿಯುವವನಿಗೆ ಅಂತಹ ಅಡ್ಡಿ ಕಡಮೆ.

ಗುರುತುಗಳ ಅರ್ಥ ಮರೆತಾಗ ನೋಡಲು ‘ಎಂಡಿಎನ್’ ಎಂಬ ಬೃಹತ್ ಕೈಪಿಡಿ ಜಾಲದಲ್ಲೇ ಇದೆ. ತಿಳಿಯದ ತೊಡಕು ಬಂದಾಗ ಕೇಳಲು 2008ರಲ್ಲಿ ಆರಂಭವಾದ ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ಪ್ರಶ್ನೋತ್ತರಗಳ ತಾಣವಿದೆ. ಕೇಳುವುದಕ್ಕೂ ಒಂದು ಕ್ರಮವುಂಟು. ‘ನನ್ನ ಪುಟ ಕೆಟ್ಟಿದೆ, ಸರಿಮಾಡಿಕೊಡಿ’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಏನು ಮಾಡಿದೆ, ಏನು ಆಗಬೇಕಿತ್ತು, ಏನು ಆಯಿತು ಎಂಬ ಮೂರನ್ನೂ ಬೇರೆಬೇರೆಯಾಗಿ ಹೇಳಿ, ತೊಡಕಿನ ಭಾಗವನ್ನಷ್ಟೇ ಬಿಡಿಸಿ ತೋರಿಸಬೇಕು. ಹಾಗೆ ಬಿಡಿಸುತ್ತ ಹೋದಾಗ, ಪ್ರಶ್ನೆಯನ್ನು ಬರೆದು ಮುಗಿಸುವ ಮೊದಲೇ ಉತ್ತರ ಹೊಳೆದುಬಿಡುವುದು ಈ ಕಸುಬಿನವರೆಲ್ಲರ ಅನುಭವ. ಗಣಿತದ ಲೆಕ್ಕವನ್ನು ಗೆಳೆಯನಿಗೆ ವಿವರಿಸಹೊರಟು ತಾನೇ ತಪ್ಪನ್ನು ಕಂಡುಕೊಂಡ ವಿದ್ಯಾರ್ಥಿಗೆ ಇದು ಹೊಸದೆನಿಸದು.

ಜೂನ್ ತಿಂಗಳು ಬಂತೆಂದರೆ ಸೋಮವಾರಪೇಟೆಯಲ್ಲಿ ಮಳೆ ಹಿಡಿದುಕೊಳ್ಳುತ್ತದೆ. ಗಾಳಿಗೆ ಮರ ತಂತಿಯ ಮೇಲೆ ಬೀಳುತ್ತದೆ, ದೀಪ ಹೋಗುತ್ತದೆ. 2018ರ ಆಗಸ್ಟ್‌ನಲ್ಲಂತೂ ಬೆಟ್ಟಗಳೇ ಕುಸಿದು ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರುಗಳ ಸುತ್ತ ಮನೆ ತೋಟಗಳು ಕೊಚ್ಚಿಹೋದವು, ರಸ್ತೆಗಳು ಮುರಿದವು. ಅಂತಹ ವಿಪತ್ತಿನ ಮುಂದೆ ಗಣಕಯಂತ್ರದ ಕಡತಗಳ ಚಿಂತೆ ಬಹು ಸಣ್ಣದು. ಆದರೆ ಸಾಮಾನ್ಯವಾದ ಮಳೆಗಾಲದಲ್ಲಿ, ದಿನವಿಡೀ ಬರೆದದ್ದು ಸಂಜೆಯ ಒಂದು ಮಿಂಚಿಗೆ ಅಳಿಸಿಹೋದರೆ ಅವನ ಅನ್ನಕ್ಕೇ ಕುತ್ತು. ಅದಕ್ಕೆ ಅವನು ನಂಬಿರುವುದು ‘ಗಿಟ್’ ಎಂಬ ಸಾಧನವನ್ನು. ಫಿನ್ಲೆಂಡಿನಲ್ಲಿ ಹುಟ್ಟಿದ ಲೈನಸ್ ಟೋರ್ವಾಲ್ಡ್ಸ್ ಇದನ್ನು 2005ರಲ್ಲಿ ರಚಿಸಿದರು. ಕೆಲಸದ ಒಂದೊಂದು ಹಂತ ಮುಗಿದಾಗಲೂ ಕಡತಗಳ ಅಂದಿನ ಸ್ಥಿತಿಯನ್ನು ಇದು ದಿನಾಂಕ, ವೇಳೆ ಮತ್ತು ಒಂದು ಸಾಲಿನ ಟಿಪ್ಪಣಿಯೊಡನೆ ದಾಖಲೆ ಮಾಡಿಡುತ್ತದೆ. ನಿನ್ನೆಯ ಸ್ಥಿತಿ ಬೇಕೆಂದರೆ ನಿನ್ನೆಗೆ ಮರಳಬಹುದು. ಮೂರು ತಿಂಗಳ ಹಿಂದೆ ಯಾವ ಸಾಲನ್ನು ಏಕೆ ಬದಲಿಸಿದೆ ಎಂಬುದನ್ನೂ ಓದಬಹುದು. ಹೀಗೆ ದಾಖಲಿಸಲು ಹೊರಜಗತ್ತಿನ ಸಂಪರ್ಕವೇ ಬೇಕಿಲ್ಲ ಎಂಬುದು ಬೆಟ್ಟದೂರಿನವನಿಗೆ ದೊಡ್ಡ ಅನುಕೂಲ. ತಂತಿ ಕಡಿದ ಎರಡು ದಿನವೂ ಅವನು ಮಡಿಲಯಂತ್ರದ ಬ್ಯಾಟರಿ ಉಳಿದಷ್ಟು ಹೊತ್ತು ಕೆಲಸ ಮಾಡಿ ದಾಖಲೆಗಳನ್ನು ಕೂಡಿಸುತ್ತಾನೆ. ಸಂಪರ್ಕ ಬಂದ ಕೂಡಲೇ ಅವೆಲ್ಲ ಒಟ್ಟಾಗಿ ದೂರದ ಸಂಗ್ರಹಾಲಯಕ್ಕೆ ಹೋಗುತ್ತವೆ. ಮನೆಯ ಯಂತ್ರ ನೀರು ಕುಡಿದು ಕೆಟ್ಟರೂ ಕೆಲಸ ಉಳಿಯುತ್ತದೆ. ಟಿಪ್ಪಣಿಯನ್ನು ಮಾತ್ರ ಒಳ್ಳೆಯ ಭಾಷೆಯಲ್ಲಿ ಬರೆಯಬೇಕು. ‘ಏನೋ ಸರಿಮಾಡಿದೆ’ ಎಂದು ಬರೆದಿಟ್ಟವನು ಮೂರು ತಿಂಗಳ ಬಳಿಕ ತನ್ನನ್ನೇ ಬೈದುಕೊಳ್ಳುತ್ತಾನೆ.

ಸಂಪರ್ಕ ಮಂದವಾಗಿರುವ ಊರಿನಲ್ಲಿ ಬೆಳೆದವನಿಗೆ ಮತ್ತೊಂದು ವಿವೇಕ ತಾನಾಗಿಯೇ ಬರುತ್ತದೆ. ಅದು ಪುಟದ ಭಾರವನ್ನು ಕುರಿತದ್ದು. ವಸತಿಗೃಹದವರು ತಮ್ಮ ಕೈಫೋನಿನಲ್ಲಿ ತೆಗೆದ ಜಲಪಾತದ ಚಿತ್ರವೊಂದನ್ನು ಕಳುಹಿಸುತ್ತಾರೆ; ಅದು ನಾಲ್ಕು ಮೆಗಾಬೈಟ್ ಇದೆಯೆನ್ನೋಣ. ಎಂಟು ಬಿಟ್‌ಗಳಿಗೆ ಒಂದು ಬೈಟ್; ಆದುದರಿಂದ ಅದು 32 ಮೆಗಾಬಿಟ್. ಸೆಕೆಂಡಿಗೆ ಒಂದು ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಅದು ಬರಲು 32 ಸೆಕೆಂಡು ಬೇಕು. ಅಷ್ಟು ಹೊತ್ತು ಬಿಳಿಯ ಪರದೆಯನ್ನು ನೋಡುತ್ತ ಕೂರುವ ಪ್ರವಾಸಿ ಎಲ್ಲಿದ್ದಾನೆ? ಚಿತ್ರವನ್ನು ಕುಗ್ಗಿಸಿಕೊಡುವ ಉಚಿತ ಸಾಧನಗಳು ಜಾಲದಲ್ಲಿ ಹಲವಿವೆ. ಅವುಗಳಿಂದ ಅದನ್ನು 200 ಕಿಲೋಬೈಟಿಗೆ ಇಳಿಸಿದರೆ ಎರಡು ಸೆಕೆಂಡು ತುಂಬುವ ಮೊದಲೇ ಬಂದುಬಿಡುತ್ತದೆ. ಕಣ್ಣಿಗೆ ವ್ಯತ್ಯಾಸವೂ ತಿಳಿಯುವುದಿಲ್ಲ. ನಗರದ ವೇಗದ ಸಂಪರ್ಕದಲ್ಲಿ ಕುಳಿತು ಕಟ್ಟಿದವರು ಈ ಲೆಕ್ಕವನ್ನು ಮರೆಯುವುದೇ ಹೆಚ್ಚು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಇದೇ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮೊಬೈಲ್ ಸಂಕೇತ ಸಿಗುವ ಎತ್ತರಕ್ಕೆ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಮಕ್ಕಳಿಗೆ ಪಾಠ ಹೇಳಿದ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. ಆ ಅಟ್ಟಣೆಯ ಮೇಲಿನಿಂದ ನೋಡಿದವರಿಗೆ ಒಂದೊಂದು ಕಿಲೋಬೈಟಿನ ಬೆಲೆಯೂ ಗೊತ್ತು.

ಕನ್ನಡದ ಪುಟವನ್ನು ಕಟ್ಟುವಾಗಲೇ ಅವನ ಕಸುಬಿನ ನಿಜವಾದ ಪರೀಕ್ಷೆ. ಕಾಫಿಪುಡಿಯ ಅಂಗಡಿಯ ಹಿರಿಯರು ಮೊದಲು ಇದನ್ನು ಬೇಡವೆಂದೇ ಹೇಳುತ್ತಾರೆ.

“ಕನ್ನಡದ ಪುಟ ಯಾಕೋ ಮಗಾ? ಪುಡಿ ಕೊಳ್ಳುವವರೆಲ್ಲ ಬೆಂಗಳೂರಿನವರು, ಇಂಗ್ಲಿಷ್ ಬಲ್ಲವರು.”

“ದುಡ್ಡು ಕೊಡುವವರಿಗೆ ಇಂಗ್ಲಿಷ್ ಬರುತ್ತದೆ ಮಾವ. ಯಾವ ಪುಡಿ ತರಬೇಕೆಂದು ಹೇಳುವ ಮನೆಯ ಅಜ್ಜಿಗೆ ಬರಬೇಕಲ್ಲ.”

ಹಿರಿಯರು ನಕ್ಕು ಒಪ್ಪುತ್ತಾರೆ. ಒಪ್ಪಿಸುವುದು ಸುಲಭ, ಮಾಡುವುದು ಅಷ್ಟು ಸುಲಭವಲ್ಲ.

ಗಣಕಯಂತ್ರಕ್ಕೆ ಅಕ್ಷರವೆಂಬುದು ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಹಿಂದೆ ಒಂದೊಂದು ಕನ್ನಡ ತಂತ್ರಾಂಶವೂ ತನಗೆ ತೋಚಿದ ಸಂಖ್ಯೆಗಳನ್ನು ಅಕ್ಷರಗಳಿಗೆ ಕೊಟ್ಟಿತ್ತು. ಒಂದು ಪತ್ರಿಕೆಯ ತಾಣವನ್ನು ಓದಬೇಕಾದರೆ ಅದರದೇ ಅಕ್ಷರಶೈಲಿಯನ್ನು ಮೊದಲು ಇಳಿಸಿಕೊಳ್ಳಬೇಕಾಗಿತ್ತು. ಇಲ್ಲವಾದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅಂತಹ ಕಾಲದಲ್ಲಿ, 1996ರಲ್ಲಿ, ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲತಾಣವನ್ನು ತೆರೆದರು. ಕನ್ನಡದ ಮೊದಮೊದಲ ತಾಣಗಳಲ್ಲಿ ಅದು ಒಂದು. ಕೆ.ಪಿ. ರಾಯರು ಧ್ವನಿಯನ್ನು ಅನುಸರಿಸಿ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಇವರೆಲ್ಲರ ದುಡಿಮೆಯ ಹಿನ್ನೆಲೆಯಿಲ್ಲದೆ ಇಂದಿನ ತರುಣ ಕನ್ನಡದಲ್ಲಿ ಒಂದು ಸಾಲನ್ನೂ ಬೆರಳಚ್ಚು ಮಾಡಲಾರ.

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಸಂಖ್ಯೆ ಕೊಡುವ ‘ಯೂನಿಕೋಡ್’ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಸ್ಥಾನಗಳು. ‘ಕ’ ಎಂಬುದರ ಸಂಖ್ಯೆ 3221. ಕಾಗುಣಿತದ ಚಿಹ್ನೆಗಳಿಗೆ ಬೇರೆ ಸಂಖ್ಯೆಗಳಿವೆ. ವ್ಯಂಜನದಿಂದ ಅಕಾರವನ್ನು ಕಳೆಯುವ ಹಲಂತ ಚಿಹ್ನೆಗೂ ಒಂದು ಸಂಖ್ಯೆಯಿದೆ, 3277. ‘ಕ್ಷ’ವನ್ನು ನಾವು ಒಂದೇ ಅಕ್ಷರವಾಗಿ ಬರೆಯುತ್ತೇವೆ; ಯಂತ್ರವು ಅದನ್ನು ಕಕಾರ, ಹಲಂತ, ಷಕಾರ ಎಂದು ಮೂರು ಸಂಖ್ಯೆಗಳಾಗಿ ಕೂಡಿಡುತ್ತದೆ. ಹಳೆಯ ವ್ಯಾಕರಣಕಾರರಿಗೆ ಈ ವಿಂಗಡಣೆ ಅಪರಿಚಿತವೆನಿಸುತ್ತಿರಲಿಲ್ಲ.

ಇದರಿಂದ ಬರುವ ತೊಡಕನ್ನು ಊರಿನ ಹೆಸರಿನಲ್ಲೇ ನೋಡಬಹುದು. ‘ಸೋಮವಾರಪೇಟೆ’ ಎಂಬುದರಲ್ಲಿ ಓದುವವನಿಗೆ ಆರು ಅಕ್ಷರ. ಯಂತ್ರಕ್ಕೆ ಅದು ಹತ್ತು ಸಂಖ್ಯೆ: ಆರು ವ್ಯಂಜನ, ನಾಲ್ಕು ಸ್ವರಚಿಹ್ನೆ. ಜಾಲದಲ್ಲಿ ರೂಢಿಯಲ್ಲಿರುವ ಕ್ರಮದಂತೆ ಒಂದೊಂದು ಕನ್ನಡ ಸಂಖ್ಯೆಗೂ ಮೂರು ಬೈಟ್ ಬೇಕು; ಒಟ್ಟು ಮೂವತ್ತು. ಒಂದು ರೋಮನ್ ಅಕ್ಷರಕ್ಕಾದರೋ ಒಂದೇ ಬೈಟ್. ವಿಳಾಸ ಬರೆಯುವ ಚೌಕಕ್ಕೆ ಇಪ್ಪತ್ತೈದು ಬೈಟ್ ಸಾಕೆಂದು ಎಲ್ಲೋ ಕುಳಿತ ಒಬ್ಬನು ನಿಶ್ಚಯಿಸಿದ್ದರೆ, ಊರಿನ ಹೆಸರು ‘ಸೋಮವಾರಪೇ’ ಎಂಬಲ್ಲಿಗೆ ತುಂಡಾಗಿ, ಮುಂದಿನ ಟಕಾರದ ಒಂದು ಚೂರು ಅನಾಥವಾಗಿ ಪ್ರಶ್ನಾರ್ಥಕ ಚಿಹ್ನೆಯ ವೇಷದಲ್ಲಿ ನಿಲ್ಲುತ್ತದೆ. ಪೊಟ್ಟಣ ಯಾವ ಊರಿಗೆ ಹೋಗಬೇಕು?

ಒತ್ತಕ್ಷರಗಳದು ಇನ್ನೊಂದು ಕಥೆ. ರೋಮನ್ ಅಕ್ಷರಗಳ ಎತ್ತರವನ್ನು ನೋಡಿ ಗುಂಡಿಗಳ ಅಳತೆಯನ್ನು ಗೊತ್ತುಮಾಡಿರುತ್ತಾರೆ. ಕನ್ನಡದ ಒತ್ತುಗಳು ಸಾಲಿನಿಂದ ಕೆಳಕ್ಕೆ ಇಳಿಯುತ್ತವೆ. ಸ್ಥಳ ಸಾಲದಿದ್ದರೆ ಅವು ಕತ್ತರಿಸಿಹೋಗಿ ‘ಮಲ್ಲಳ್ಳಿ’ ಎಂಬುದು ಕಣ್ಣಿಗೆ ‘ಮಲಳಿ’ ಎಂದು ಕಾಣುತ್ತದೆ. ಸಾಲುಗಳ ನಡುವಣ ಅಂತರವನ್ನು ಹೆಚ್ಚಿಸಬೇಕು. ಗುಂಡಿಗೆ ಕೆಳಗಡೆ ಒಂದಿಷ್ಟು ಜಾಗ ಬಿಡಬೇಕು. ಪರೀಕ್ಷೆಗೆಂದು ಅವನು ಯಾವಾಗಲೂ ‘ರಾಷ್ಟ್ರ’, ‘ಸ್ವಾಸ್ಥ್ಯ’ ಮುಂತಾದ ಎರಡೆರಡು ಒತ್ತಿನ ಶಬ್ದಗಳನ್ನು ಬರೆದು ನೋಡುತ್ತಾನೆ. ಇನ್ನು ಕಣ್ಣಿಗೆ ಕಾಣದ ಅಕ್ಷರವೂ ಒಂದುಂಟು. ‘ಸಾಫ್ಟ್’ ಎಂದು ಬರೆದು ‘ವೇರ್’ ಎಂದು ಮುಂದುವರಿಸಿದರೆ ವಕಾರವು ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ನಡುವೆ 8204ನೆಯ ಸಂಖ್ಯೆಯ, ಅಗಲವೇ ಇಲ್ಲದ ಚಿಹ್ನೆಯೊಂದನ್ನು ಇಟ್ಟರೆ ಎರಡೂ ಬೇರೆಯಾಗಿ ‘ಸಾಫ್ಟ್‌ವೇರ್’ ಎಂದು ನಿಲ್ಲುತ್ತವೆ. ಬೇಲಿಯೇ ಕಾಣದ ಬೇಲಿ ಇದು. ಇದನ್ನು ತಿಳಿಯದವರು ಮೊದಲ ರೂಪವನ್ನು ಹುಡುಕಿ, ಎರಡನೆಯ ರೂಪದಲ್ಲಿ ಬರೆದ ಪುಟ ಸಿಗದೆ ಬೇಸರಪಡುವುದುಂಟು.

ಇಷ್ಟೆಲ್ಲ ತೊಡಕಿದ್ದರೂ ಸಾಮಗ್ರಿಗೆ ಕೊರತೆಯಿಲ್ಲ. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿ ಬಂದಿತು. ಈಗ ಯಾರು ಬೇಕಾದರೂ ಹಣವಿಲ್ಲದೆ ಬಳಸಬಹುದಾದ ಶೈಲಿಗಳು ಹಲವಾರಿವೆ: ಗುಬ್ಬಿ, ನವಿಲು, ಬೆಣ್ಣೆ, ಹುಬ್ಬಳ್ಳಿ, ಬಾಲೂ ತಮ್ಮ. ಹೆಸರುಗಳನ್ನು ಕೇಳಿದರೆ ಸಂತೆಗೆ ಹೋಗಿಬಂದಂತಾಗುತ್ತದೆ. ತಕ್ಕ ಶಬ್ದ ಬೇಕಾದಾಗ ನೋಡಲು ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟಿದೆ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕುಳಿತು ಕೂಡಿಸಿದ ಈ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2003ರಲ್ಲಿ ತೆರೆದ ಕನ್ನಡ ವಿಕಿಪೀಡಿಯವೂ ಇದೆ.

ಪುಟವನ್ನು ಕಣ್ಣಿನಿಂದ ಓದುವವರು ಮಾತ್ರ ಓದುಗರೆಂದು ತಿಳಿಯುವುದು ಸಲ್ಲದು. ದೃಷ್ಟಿಯಿಲ್ಲದವರಿಗೆ ಪರದೆಯ ಬರಹವನ್ನು ಗಟ್ಟಿಯಾಗಿ ಓದಿಹೇಳುವ ‘ಎನ್‌ವಿಡಿಎ’ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದಲ್ಲಿ 2006ರಲ್ಲಿ ಮೈಕೇಲ್ ಕರನ್ ಆರಂಭಿಸಿದರು. ಜೇಮ್ಸ್ ಟೆ ಅವರು ಜೊತೆಗೂಡಿದರು. ಇಬ್ಬರೂ ಅಂಧರು. ಬೆಲೆ ಕೊಟ್ಟು ಕೊಳ್ಳಲಾರದವರಿಗೂ ದೊರೆಯಲೆಂದು ಅವರು ಅದನ್ನು ಉಚಿತವಾಗಿಯೇ ಇರಿಸಿದರು. ಕನ್ನಡದ ಪುಟವೆಂದು ಒಂದು ಸಣ್ಣ ಗುರುತನ್ನು ಆರಂಭದಲ್ಲಿ ಹಾಕಿದರೆ ಆ ಧ್ವನಿ ಕನ್ನಡದಲ್ಲಿ ಓದಲು ಅನುವಾಗುತ್ತದೆ. ಚಿತ್ರಕ್ಕೆ ವಿವರಣೆ ಬರೆದಿದ್ದರೆ ‘ಕಣದಲ್ಲಿ ಒಣಹಾಕಿದ ಕಾಫಿಹಣ್ಣು’ ಎಂದು ಹೇಳುತ್ತದೆ. ಬರೆದಿರದಿದ್ದರೆ ಚಿತ್ರವೆಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ತರುಣನು ಪುಟವನ್ನು ಗಿರಾಕಿಗೆ ಒಪ್ಪಿಸುವ ಮೊದಲು ಕಣ್ಣು ಮುಚ್ಚಿಕೊಂಡು, ಕೀಲಿಮಣೆಯೊಂದರಿಂದಲೇ, ಒಂದು ಪೊಟ್ಟಣ ಪುಡಿಯನ್ನು ಕೊಳ್ಳಲು ಯತ್ನಿಸುತ್ತಾನೆ. ಮೊದಲ ಸಲ ಅದು ಕೈಗೂಡುವುದು ಅಪರೂಪ.

ಇನ್ನು ಹಣದ ಮಾತು. ಸಂಬಳವಿಲ್ಲದವನಿಗೆ ತಿಂಗಳ ಮೊದಲ ದಿನವೂ ಕೊನೆಯ ದಿನವೂ ಒಂದೇ. ಅನುಭವಸ್ಥರು ಮೂರರಲ್ಲೊಂದು ಪಾಲನ್ನು ಮುಂಗಡವಾಗಿ ಪಡೆಯದೆ ಕೆಲಸಕ್ಕೆ ಕೈಹಾಕುವುದಿಲ್ಲ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಯಾವ ದಿನಕ್ಕೆ ಮುಗಿಯಬೇಕು ಎಂಬುದನ್ನು ಬರಹದಲ್ಲಿ ಒಪ್ಪಿಕೊಂಡಿರುತ್ತಾರೆ. ಹಾಗೆ ಮಾಡದೆ ಹೋದರೆ ಹಸಿರು ಬಣ್ಣ ನೀಲಿಯಾಗಿ, ನೀಲಿ ಕೆಂಪಾಗಿ, ಕೆಂಪು ಮತ್ತೆ ಹಸಿರಾಗಿ, ತಿಂಗಳು ಕಳೆಯುತ್ತದೆ. ಊರಿನ ಗಿರಾಕಿ ಹಣ ತಡಮಾಡಿದರೂ ಸಂತೆಯಲ್ಲಿ ಎದುರಾಗುತ್ತಾನೆ. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ಅಲ್ಲೇ ನಿಂತು ಪಾವತಿ ಮಾಡಿಬಿಡುತ್ತಾನೆ. ದೂರದ ನಗರದ ಗಿರಾಕಿ ಕೆಲಸ ಪಡೆದು ಮೌನವಾದರೆ ಅವನ ಬಾಗಿಲು ತಟ್ಟುವುದು ಹೇಗೆ? ಹೊರದೇಶದವರೊಡನೆ ಗಡಿಯಾರದ ತೊಡಕು ಬೇರೆ. ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತು ಗಂಟೆಯಾದಾಗ ಸೋಮವಾರಪೇಟೆಯಲ್ಲಿ ಸಂಜೆ ಆರೂವರೆ; ಅಲ್ಲಿಯವರು ಚಳಿಗಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುವುದರಿಂದ ಆಗ ಏಳೂವರೆ. ಮನೆಯವರು ಊಟಕ್ಕೆ ಕರೆಯುವ ಹೊತ್ತಿಗೆ ಅವನ ಸಭೆ ಆರಂಭವಾಗುತ್ತದೆ. “ಹಗಲೆಲ್ಲ ಮನೆಯಲ್ಲಿರುತ್ತಾನೆ, ರಾತ್ರಿ ಯಾರೊಡನೆಯೋ ಮಾತನಾಡುತ್ತಾನೆ, ಇದೂ ಒಂದು ಉದ್ಯೋಗವೇನಪ್ಪ?” ಎಂದು ನೆರೆಯವರು ತಂದೆಯನ್ನು ಕೇಳುವುದುಂಟು. ತಂದೆಗೂ ಒಳಗೊಳಗೆ ಆ ಸಂದೇಹ ಇಲ್ಲದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಆಳುಗಳ ಕೂಲಿಗೆ ಮಗನ ಖಾತೆಯಿಂದ ಹಣ ಬಂದಾಗ ಅದು ತುಸು ಕರಗುತ್ತದೆ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಕೇಳಿದರೆ ಸಂಕೇತಗಳನ್ನು ತಾವೇ ಬರೆದುಕೊಡುವ ಯಂತ್ರಗಳೂ ಈ ಕೋಣೆಯನ್ನು ಹೊಕ್ಕಿವೆ. ದಿನವೆಲ್ಲ ಹಿಡಿಯುತ್ತಿದ್ದ ಕೆಲಸ ಗಂಟೆಯಲ್ಲಿ ಮುಗಿಯುವುದುಂಟು. ಆದರೆ ಅವು ತಪ್ಪನ್ನೂ ಅಷ್ಟೇ ಧೈರ್ಯದಿಂದ ಬರೆದುಕೊಡುತ್ತವೆ. ಓದಿ ತಿಳಿಯಬಲ್ಲವನಿಗೆ ಅವು ಆಳು, ತಿಳಿಯದವನಿಗೆ ಒಡೆಯ. ಅದರಿಂದ ಮೊದಲ ಒಂದೆರಡು ವರ್ಷ ಕೈಯಿಂದಲೇ ಬರೆದು ಕಲಿತವರಿಗೆ ನಷ್ಟವೇನೂ ಆಗಿಲ್ಲ.

ಹೀಗೆ ಪಡೆದದ್ದರ ಲೆಕ್ಕ ಬೆಳೆಯುತ್ತ ಹೋದಂತೆ ಕೊಡುವ ಪ್ರಸಂಗವೂ ಬರುತ್ತದೆ. ಉಚಿತವಾದ ಅಕ್ಷರಶೈಲಿಯೊಂದನ್ನು ಬಳಸುವಾಗ, ಒಂದು ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದಾಗ ಎರಡೂ ಒಂದರ ಮೇಲೊಂದು ಬಿದ್ದು ಕಲಸಿಹೋಗುವುದನ್ನು ಅವನು ಕಾಣುತ್ತಾನೆ. ತನ್ನ ಪುಟದಲ್ಲಿ ಬೇರೆ ಶೈಲಿಯನ್ನು ಹಾಕಿಕೊಂಡರೆ ಅವನ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಹಾಗೆ ಮಾಡದೆ, ಆ ಶಬ್ದವನ್ನು ದೊಡ್ಡದಾಗಿ ಬರೆದು, ಕಲಸಿದ ಜಾಗಕ್ಕೆ ಕೆಂಪು ಸುತ್ತು ಹಾಕಿ, ಸರಿಯಾದ ರೂಪ ಹೇಗಿರಬೇಕೆಂದು ಬಿಳಿಯ ಹಾಳೆಯ ಮೇಲೆ ಶಾಯಿಯಿಂದ ಬರೆದ ಮಾದರಿಯ ಚಿತ್ರವನ್ನೂ ಜೊತೆಗಿಟ್ಟು, ಶೈಲಿಯನ್ನು ನೋಡಿಕೊಳ್ಳುವವರಿಗೆ ಕಳುಹಿಸುತ್ತಾನೆ. ಆ ಮಂದಿಯಲ್ಲಿ ಕನ್ನಡವನ್ನು ಓದಲಾರದ ಹೊರದೇಶದವರೂ ಇರಬಹುದು. ಅವರು ಅಕ್ಷರವನ್ನು ಆಕಾರವಾಗಿ ಮಾತ್ರ ಬಲ್ಲರು. ಆದುದರಿಂದ ‘ಇದು ತಪ್ಪು’ ಎಂದರೆ ಸಾಲದು. ಯಾವ ಒತ್ತು ಎಷ್ಟು ಕೆಳಗೆ, ಎಷ್ಟು ಬಲಕ್ಕೆ ಇರಬೇಕೆಂದು ಹೇಳಬೇಕು. ಪ್ರಾಥಮಿಕ ಶಾಲೆಯಲ್ಲಿ ಕಾಪಿಪುಸ್ತಕದ ಗೆರೆಗಳ ನಡುವೆ ತಿದ್ದಿದ ಒತ್ತಕ್ಷರಗಳು ಅಂದು ಅವನ ನೆರವಿಗೆ ಬರುತ್ತವೆ. ಉತ್ತರ ಬರಲು ಕೆಲವು ದಿನಗಳಾಗಬಹುದು, ಕೆಲವು ತಿಂಗಳುಗಳೂ ಆಗಬಹುದು. ಬಂದ ಮೇಲೆ, ಆ ಶೈಲಿಯನ್ನು ಬಳಸುವ ಪುಟಗಳಲ್ಲೆಲ್ಲ, ಅವನ ಹೆಸರನ್ನು ಕೇಳಿರದ ಊರುಗಳಲ್ಲೂ, ಆ ಎರಡು ಒತ್ತುಗಳು ತಮ್ಮತಮ್ಮ ಜಾಗದಲ್ಲಿ ನಿಲ್ಲುತ್ತವೆ.